ಎರಡು ರೇಡಿಯೋಗಳ ನಡುವೆ ನಿಂತವನು

ನನ್ನ ಗಂಡನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅದನ್ನು ಕಸಿದುಕೊಂಡಿತ್ತು. ಬೀದಿಯಲ್ಲಿ ಯಾರಾದರೂ ಕೂಗಿದರೆ ಯಾವ ಕಡೆಯಿಂದ ಎಂದು ತಿಳಿಯದೆ ಸುತ್ತಲೂ ನೋಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ನನಗದು ತಮಾಷೆಯಾಗಿ ಕಾಣುತ್ತಿತ್ತು. ಕಾರಣ ಗೊತ್ತಾದ ಮೇಲೆ ನಾಚಿಕೆಯಾಯಿತು.

ಅರವತ್ತರ ದಶಕದ ಮಾತು. ನಮ್ಮ ಮನೆ ದಾವಣಗೆರೆಯಲ್ಲಿ, ಅವರ ಕೆಲಸ ಹರಿಹರದ ಕಾರ್ಖಾನೆಯಲ್ಲಿ. ಅಲ್ಲಿ ಪರದೇಶದಲ್ಲಿ ತರಬೇತಿ ಮುಗಿಸಿ ಬಂದ ಎಂಜಿನಿಯರೊಬ್ಬರಿದ್ದರು. ಸ್ಟೀರಿಯೋ ಎಂಬ ಮಾತನ್ನು ಇವರು ಮೊದಲು ಕೇಳಿದ್ದು ಅವರ ಬಾಯಿಂದಲೇ. ಹಾಡುವವನು ಎದುರಿಗೇ ನಿಂತಂತೆ ಕೇಳುತ್ತದಂತೆ, ಆದರೆ ಅದಕ್ಕೆ ಎರಡು ಕಿವಿಯೂ ಬೇಕಂತೆ. ಒಂದು ತಿಂಗಳ ರಜೆಗೆ ಊರಿಗೆ ಹೊರಟ ಆ ಎಂಜಿನಿಯರು ತಮ್ಮ ರೆಕಾರ್ಡ್ ಪ್ಲೇಯರನ್ನೂ ಮೂರು ಹಾಡಿನ ಪ್ಲೇಟುಗಳನ್ನೂ ಇವರ ಕೈಗೆ ಕೊಟ್ಟು ಹೋದರು. ರೈಲಿನಲ್ಲಿ ಇವರು ಅವನ್ನು ತೊಡೆಯ ಮೇಲಿಟ್ಟುಕೊಂಡೇ ತಂದರು.

“ನಿಮಗ ಹೆಂಗ ಕೇಳ್ತೈತ್ರಿ ಅದು?” ಎಂದೆ.

“ನನಗ ಕೇಳಲ್ಲ, ನಿನಗ ಕೇಳ್ತೈತೆ. ಎರಡು ಕಿವಿ ಇದ್ದೋರಿಗೆ ಏನು ಕೇಳ್ತೈತೆ ಅಂತ ನನಗ ಗೊತ್ತಾಗ್ಬೇಕು.”

ಆ ಪ್ಲೇಯರಿಗೆ ತನ್ನದೇ ಸ್ಪೀಕರ್ ಇರಲಿಲ್ಲ, ಅದರ ತಂತಿಯನ್ನು ರೇಡಿಯೋಗೆ ಸಿಕ್ಕಿಸಿದರೆ ಹಾಡು ರೇಡಿಯೋದಲ್ಲಿ ಬರುತ್ತಿತ್ತು. ಎಡಗಡೆಯ ಸದ್ದನ್ನೂ ಬಲಗಡೆಯದನ್ನೂ ಬೇರೆ ಬೇರೆಯಾಗಿ ನುಡಿಸಲು ಎರಡು ರೇಡಿಯೋ ಬೇಕಿತ್ತು. ಒಂದು ನಮ್ಮದೇ, ಇನ್ನೊಂದನ್ನು ಹರಿಹರದ ನನ್ನ ಅಕ್ಕನ ಮನೆಯಿಂದ ತಂದೆವು. ಇದ್ದ ಕೋಣೆ ಎಷ್ಟು ಚಿಕ್ಕದೆಂದರೆ ಮಂಚ ಹೊರಗೆ ಹೋದ ಮೇಲೇ ರೇಡಿಯೋಗಳಿಗೆ ಜಾಗವಾಯಿತು. ಎರಡು ಮೂಲೆಯಲ್ಲಿ ಎರಡು ಸ್ಟೂಲು, ಎದುರಿಗೆ ಒಂದು ಕುರ್ಚಿ, ಅದರಲ್ಲಿ ನಾನು.

ಮೊದಲ ದಿನ ಬರಿಯ ಗದ್ದಲ. ಕಲ್ಲಿನ ನೆಲಕ್ಕೂ ಸುಣ್ಣದ ಗೋಡೆಗೂ ಬಡಿದು, ಬಾವಿಯೊಳಗೆ ಕೂಗಿದ ಹಾಗೆ ಸದ್ದು ಮೊಳಗಿತು. ಇವರು ಮನೆಯಲ್ಲಿದ್ದ, ಹಳೇ ಸೀರೆ ಹೊಲಿದು ಮಾಡಿದ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿ, ಹತ್ತಿಯ ಹಾಸಿಗೆಯನ್ನೂ ಒರಗಿಸಿದರು.

“ಹಾಸಿಗಿ ಗೋಡಿಗೆ ಹಚ್ಚಿದ್ರೆ ನಾವೆಲ್ಲಿ ಮಲಗೋದೋ?” ಎಂದು ಅತ್ತೆ ರೇಗಿದರು.

“ಮಲಗೋ ಹೊತ್ತಿಗೆ ತೆಗೀತೀನಿ ಬಿಡವ್ವ.”

ಮೊಳಗು ಅಡಗಿತು. ಆದರೂ ಹಾಡುವವನ ದನಿ ಒಂದು ಕಡೆ ನಿಲ್ಲಲಿಲ್ಲ. ಒಮ್ಮೊಮ್ಮೆ ನನ್ನ ತಲೆಯ ಹಿಂದೆಯೇ ಇದ್ದಂತೆ ಅನ್ನಿಸುತ್ತಿತ್ತು. ದಿನಾ ಸಂಜೆ ಇವರು ರೇಡಿಯೋಗಳನ್ನು ಗೇಣುಗೇಣು ಸರಿಸುತ್ತ, “ಈಗ ಎಲ್ಲೈತೆ? ಕಣ್ಣು ಮುಚ್ಕೊಂಡು ಬೆರಳು ಮಾಡಿ ತೋರ್ಸು” ಎನ್ನುತ್ತಿದ್ದರು. ನನ್ನ ಬೆರಳು ಗಾಳಿಯಲ್ಲಿ ಅಲೆದಾಡುತ್ತಿತ್ತು.

ಒಂದು ಭಾನುವಾರ ಏನೋ ಹೊಳೆದವರಂತೆ ಎದ್ದು, ಅಕ್ಕನ ರೇಡಿಯೋದ ಹಿಂಬದಿ ಬಿಚ್ಚಿ, ಸ್ಪೀಕರಿಗೆ ಹೋಗುವ ಎರಡು ತಂತಿಗಳನ್ನು ಅದಲುಬದಲು ಮಾಡಿದರು; ಅಲ್ಲಿಯವರೆಗೆ ಒಂದು ಸ್ಪೀಕರು ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿತ್ತಂತೆ. ಪ್ಲೇಟಿನ ಮೇಲೆ ಮುಳ್ಳು ಇಳಿಸಿದರು.

ಹಾಡುವ ಆ ಮನುಷ್ಯ ಬಂದು ನಿಂತ. ಎಡದ ರೇಡಿಯೋದಲ್ಲಿ ಅಲ್ಲ, ಬಲದ್ದರಲ್ಲಿ ಅಲ್ಲ. ನಡುವಿನ ಗೋಡೆಯ ಹತ್ತಿರ, ನಿಂತವರ ಬಾಯಿ ಬರುವಷ್ಟೇ ಎತ್ತರದಲ್ಲಿ. ಅವನ ಪಕ್ಕ ಪಿಟೀಲು, ಇನ್ನೂ ಹಿಂದೆ, ಗೋಡೆಯಿಂದಾಚೆ ಎಲ್ಲೋ, ಮೆಲ್ಲಗೆ ಚರ್ಮವಾದ್ಯ. ಕಣ್ಣು ತೆರೆದರೆ ಕೌದಿ. ಮುಚ್ಚಿದರೆ ಕೌದಿಯೂ ಇಲ್ಲ, ಗೋಡೆಯೂ ಇಲ್ಲ. ಅವನ ಭಾಷೆ ನನಗೆ ತಿಳಿಯದು. ಆದರೆ ಸಾಲು ಎತ್ತುವ ಮೊದಲು ಅವನು ಉಸಿರೆಳೆದುಕೊಂಡದ್ದು ಕೇಳಿತು. ಕೈ ತಾನಾಗಿಯೇ ಮೇಲೆದ್ದಿತ್ತು.

“ಅಲ್ಲಿ ಅದಾನ್ರಿ. ಉಸಿರಾಡ್ತಾನ.”

ಇವರು ನನ್ನ ಬೆರಳಿನ ನೇರಕ್ಕೆ ಕೌದಿಯನ್ನೇ ನೋಡುತ್ತ ನಿಂತರು. ಆಮೇಲೆ ಅತ್ತೆಯನ್ನು ಕರೆತಂದು, ಏನೂ ಹೇಳದೆ ಕುರ್ಚಿಯಲ್ಲಿ ಕೂರಿಸಿದರು. ಹಾಡು ಶುರುವಾಗುತ್ತಿದ್ದಂತೆ ಅತ್ತೆ ಗೋಡೆಯತ್ತ ನೋಡಿ ಗಡಬಡಿಸಿ ತಲೆಯ ಮೇಲೆ ಸೆರಗೆಳೆದುಕೊಂಡರು.

“ಇಬ್ಬರೂ ಒಂದೇ ಜಾಗ ನೋಡಿದ್ರಿ,” ಎಂದರು ಇವರು. “ಹಂಗಾದ್ರೆ ಅವನು ಅಲ್ಲಿರೋದು ಖರೆ.”

ಉಳಿದ ದಿನಗಳಲ್ಲಿ ಓಣಿಯವರು ಒಬ್ಬೊಬ್ಬರೇ ಬಂದು ಕುರ್ಚಿಯಲ್ಲಿ ಕೂತರು. ಇವರು ಅವರ ಮುಖಗಳನ್ನು ನೋಡುತ್ತ ನಿಲ್ಲುತ್ತಿದ್ದರು. ಪ್ಲೇಯರ್ ಹಿಂದಿರುಗಿಸುವ ಹಿಂದಿನ ಸಂಜೆ ನಾನೇ ಒತ್ತಾಯ ಮಾಡಿ ಇವರನ್ನು ಕೂರಿಸಿದೆ. ಸ್ವಲ್ಪ ಹೊತ್ತು ಕೇಳಿ, “ಎಲ್ಲಾ ಒಂದೇ ಕಡಿಂದ ಬರ್ತೈತೆ” ಎಂದು ನಕ್ಕರು.

ನಾನು ಹೋಗಿ ಆ ಹಾಡುಗಾರ ಇದ್ದ ಜಾಗದಲ್ಲಿ, ಗೋಡೆಗೆ ಬೆನ್ನು ಮಾಡಿ ನಿಂತೆ. “ಇಲ್ಲಿ ನೋಡ್ರಿ. ಇಲ್ಲಿ ಅದಾನ.”

ಪ್ಲೇಟು ಮುಗಿಯುವವರೆಗೂ ಅವರು ನನ್ನಿಂದ ಕಣ್ಣು ಕೀಳಲಿಲ್ಲ.