ಮಿಲ್ಲಿನ ಅಂಗಿ

ಕಾಲೇಜಿಗೆ ಹೋಗುವ ದಿನಗಳಲ್ಲಿ ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನ ಫುಟ್‌ಬಾಲ್ ಟೀಮಿನಲ್ಲಿ ಆಡುತ್ತಿದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮಲ್ಲಿ ಮಿಲ್ಲಿನಲ್ಲಿ ದುಡಿಯುತ್ತಿದ್ದವನು ಕ್ಯಾಪ್ಟನ್ ಒಬ್ಬನೇ, ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಉಳಿದವರೆಲ್ಲ ನನ್ನಂಥ ಪುಕ್ಕಟೆ ಚಹಾದ ಗಿರಾಕಿಗಳು. ಬಾಲು, ಬೂಟು, ಊರೂರಿಗೆ ಒಯ್ಯುವ ಲಾರಿ ಎಲ್ಲವೂ ಮಿಲ್ಲಿನ ಮಾಲೀಕರಾದ ಸಾವ್ಕಾರರದು. ಬೆನ್ನ ಮೇಲೆ ಮಿಲ್ಲಿನ ಹೆಸರಿದ್ದ ಹಳದಿ ಅಂಗಿ ತೊಟ್ಟು ಆಡಬೇಕು ಅನ್ನುವುದೊಂದೇ ಅವರ ಶರತ್ತು. ನನಗಂತೂ ಆ ಅಂಗಿಯ ಮೇಲೆ ಎಲ್ಲಿಲ್ಲದ ಪ್ರೀತಿ. ಲಿಂಗಸುಗೂರಿನ ಮೈದಾನದಲ್ಲಿ ಮೈಕಿನವನು ಮಿಲ್ಲಿನ ಹೆಸರು ಕೂಗಿದಾಗ ನಮ್ಮಪ್ಪನ ಹೆಸರು ಕೂಗಿದಂತೆ ಎದೆ ಉಬ್ಬಿಸಿದ್ದೆ. ಆಟವಿಲ್ಲದ ದಿನವೂ ಅದನ್ನೇ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಸುಮ್ಮನೆ ತಿರುಗುತ್ತಿದ್ದೆ.

ಅಕ್ಕನನ್ನು ಕೊಟ್ಟದ್ದು ದಢೇಸುಗೂರು ದಾರಿಯ ಒಂದು ಹಳ್ಳಿಗೆ. ಮಿಲ್ಲೂ ಅದೇ ದಾರಿಯಲ್ಲಿ, ಊರ ಹೊರಗಿತ್ತು. ಅಲ್ಲಿ ಭತ್ತ ನೆನೆಸಿ, ಬೇಯಿಸಿ ಬಿಟ್ಟ ನೀರು ಹಳ್ಳದಲ್ಲಿ ಹರಿದು ಹೋಗಿ ಅಕ್ಕನ ಊರಿನವರು ಕುಡಿಯುವ ಕೆರೆಗೆ ಬೀಳುತ್ತಿತ್ತು. ಆ ವರ್ಷ ಸುಗ್ಗಿ ಮುಗಿಯುವಷ್ಟರಲ್ಲಿ ಕೆರೆ ಚಹಾದ ಬಣ್ಣಕ್ಕೆ ತಿರುಗಿ, ಹಳಸಿದ ಗಂಜಿಯ ಹಾಗೆ ನಾರತೊಡಗಿತು. ಹೆಂಗಸರು ಕೊಡ ಹೊತ್ತು ದೂರದ ಕಾಲುವೆಗೆ ನಡೆಯುವಂತಾಯಿತು.

ಎಳ್ಳ ಅಮಾಸಿಗೆ ತವರಿಗೆ ಬಂದ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು.

"ನಿಮ್ಮ ಸಾವ್ಕಾರಗ ನೀ ಒಂದ್ ಮಾತು ಹೇಳೋ ತಮ್ಮಾ. ಹಳ್ಳಕ್ಕ ಬಿಡೋದು ಬಿಟ್ಟು ಅಲ್ಲೇ ಒಂದ್ ಹೊಂಡ ತೋಡಸ್ರಿ ಅನ್ನು. ನಿನ್ನ ಮಾತು ಕೇಳ್ತಾರ."

"ನಾ ಆಟ ಆಡಾಂವ. ಮಿಲ್ಲಿಗೂ ನನಗೂ ಏನ್ ಸಂಬಂಧ ಬೇ ಅಕ್ಕಾ?"

ಈ ಮಾತು ಆಡುವಾಗಲೂ ನನ್ನ ಮೈಮೇಲೆ ಇದ್ದದ್ದು ಅದೇ ಹಳದಿ ಅಂಗಿ. ಅಕ್ಕ ಅದನ್ನು ನೋಡಿದಳು. "ಹೌದೇನಪಾ," ಎಂದು ಒಳಗೆ ಹೋದಳು.

ಮುಂದಿನ ತಿಂಗಳ ಟೂರ್ನಮೆಂಟಿನ ಮೊದಲ ಆಟಗಳು ಸಿಂಧನೂರಿನಲ್ಲೇ ನಡೆದವು, ಫೈನಲ್ ಮಾತ್ರ ಅವಳ ಊರಲ್ಲಿ. ಅದು ಆ ಊರಿನ ಹುಡುಗರಿಗೂ ನಮಗೂ ಬಿತ್ತು. ನಮ್ಮ ಲಾರಿ ಮೈದಾನದ ಹತ್ತಿರ ಬರುತ್ತಲೇ ಜನ ಅಡ್ಡ ನಿಂತರು. ಕೆರೆ ಕೆಡಿಸಿದ ಮಿಲ್ಲಿನವರಿಗೆ ನಮ್ಮೂರಲ್ಲಿ ಎಂಥ ಆಟ ಎಂದು ಒಂದೇ ಗಲಾಟೆ. ಕ್ಯಾಪ್ಟನ್ ಕೆಳಗಿಳಿದು, ಅವರ ಮುಂದೆ ನಿಂತಿದ್ದ ರುಮಾಲಿನ ಹಿರಿಯನಿಗೆ ಕೈ ಮುಗಿದ.

"ಯಜಮಾನ್ರ, ನಾವು ಆಡೋರು ರೀ. ಟೀಮ್ ಬ್ಯಾರೆ, ಮಿಲ್ ಬ್ಯಾರೆ."

ಹಿರಿಯ ನಮ್ಮನ್ನೆಲ್ಲ ಒಮ್ಮೆ ಮೇಲಿಂದ ಕೆಳಗೆ ನೋಡಿದ. "ಬ್ಯಾರೆ ಆದ್ರ ಆ ಅಂಗಿ ತಗದು ಆಡ್ರಿ. ಅಂಗಿ ತಗದ್ರ ನೀವು ನಮಗ ಬೀಗರು ಇದ್ದಂಗ."

ಮೊದಲು ಅಂಗಿ ಬಿಚ್ಚಿದವನು ನಾನೇ. ಗುಂಪಿನಲ್ಲಿ ಅಕ್ಕ ಇದ್ದಳು, ಅವಳು ನೋಡಲಿ ಎಂದೇ ಬಿಚ್ಚಿದೆ. ಉಳಿದವರೂ ಬಿಚ್ಚಿ ಲಾರಿಯೊಳಗೆ ಎಸೆದರು. ಒಬ್ಬನ ಬನಿಯನ್ನಿನ ತೂತು ನೋಡಿ ಹೆಂಗಸರು ನಕ್ಕರು, ಅಲ್ಲಿಗೆ ಜಗಳ ಮುಗಿಯಿತು. ಹಾಫ್ ಟೈಮಿನಲ್ಲಿ ಅಕ್ಕ ಚರಿಗೆಯಲ್ಲಿ ನೀರು ತಂದಳು. "ಕಾಲುವಿ ನೀರೈತಿ, ಅಂಜಬ್ಯಾಡ, ಕುಡಿ," ಅಂದಳು. ತಮ್ಮ ಕೊನೆಗೂ ತನ್ನ ಕಡೆ ಬಂದ ಅನ್ನುವ ಖುಷಿ ಅವಳ ಮುಖದಲ್ಲಿ ತುಂಬಿತ್ತು. ನನಗೂ ನಾನೇನೋ ದೊಡ್ಡ ಕೆಲಸ ಮಾಡಿದೆ ಅನ್ನಿಸಿತ್ತು, ಅದನ್ನು ಸುಳ್ಳು ಅನ್ನಲಾರೆ.

ಒಂದು ಗೋಲಿನಿಂದ ನಾವೇ ಗೆದ್ದೆವು. ಸೋತವರೇ ನಮ್ಮನ್ನು ಕೂರಿಸಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜಿ ತಿನ್ನಿಸಿ, ಬಹುಮಾನದ ಢಾಲು ಕೈಗೆ ಕೊಟ್ಟು ಲಾರಿ ಹತ್ತಿಸಿದರು. ಕಾಲುವೆಯ ಸೇತುವೆ ಬರುತ್ತಲೇ ಕ್ಯಾಪ್ಟನ್ ಲಾರಿ ನಿಲ್ಲಿಸಿದ. ಬಿದ್ದಿದ್ದ ಅಂಗಿಗಳನ್ನು ಕೊಡವಿ ಒಬ್ಬೊಬ್ಬರ ಮೇಲೆ ಎಸೆದ.

"ಹಾಕ್ಕೊಳ್ರಲೇ, ಸಾವ್ಕಾರ್ರು ಬಜಾರದಾಗ ಹಲಗಿ ಬಾರಸಾಕ ಹಚ್ಯಾರ. ಹಿಂಗ ಬನಿಯನ್ ಮ್ಯಾಲೆ ಹೋಗ್ತೀರೇನು?"

ಎಲ್ಲರೂ ಹಾಕಿಕೊಳ್ಳತೊಡಗಿದರು, ನಾನೂ ನನ್ನದನ್ನು ಎತ್ತಿಕೊಂಡೆ. ಒಂದು ತೋಳು ತೂರಿಸಿ ಇನ್ನೊಂದು ತೋಳು ಹುಡುಕುತ್ತಿದ್ದೆ. ಕೆಳಗೆ ನೋಡಿದರೆ ಕಾಲುವೆಯ ಮೆಟ್ಟಿಲ ಮೇಲೆ ಅಕ್ಕ. ನಾವು ಮಿರ್ಚಿ ತಿನ್ನುವಷ್ಟರಲ್ಲಿ ಅವಳು ನೀರಿಗೆ ಬಂದಿದ್ದಳು. ಕೊಡ ತುಂಬಿ ಸೊಂಟಕ್ಕೆ ಇಟ್ಟುಕೊಂಡು, ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು. ನನ್ನ ಕೈ ತೋಳಿನೊಳಗೇ ಸಿಕ್ಕಿಕೊಂಡಿತು. ಬಿಚ್ಚಲೋ ಹಾಕಿಕೊಳ್ಳಲೋ ತಿಳಿಯದೆ ಸುಮ್ಮನೆ ನಿಂತೆ.

"ಹಾಕ್ಕೊ ಹಾಕ್ಕೊ ತಮ್ಮಾ," ಅಂದಳು. "ಥಂಡಿ ಐತಿ."

ಲಾರಿ ಹೊರಟಿತು.

ಬಜಾರದಲ್ಲಿ ಸಾವ್ಕಾರರು ಎಲ್ಲರಿಗೂ ಹಾರ ಹಾಕಿದರು. ನನ್ನ ಹೆಗಲ ಮೇಲೆ ಕೈಯಿಟ್ಟು, "ಏನ್ ಬೇಕು ಕೇಳ್ರಪಾ," ಎಂದರು. ಓದಿದವನು ಅಂತ ಎಲ್ಲರೂ ನನ್ನ ಬಾಯಿ ನೋಡಿದರು. ಒಂದು ಹೊಂಡ ತೋಡಿಸ್ರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂಥ ಖುಷಿಯಲ್ಲಿ ಕೇಳಿದ್ದರೆ ಅವರು ಇಲ್ಲ ಅನ್ನುತ್ತಿರಲಿಲ್ಲವೇನೋ. ಬೈದಿದ್ದರೂ ಏನು ಹೋಗುತ್ತಿತ್ತು, ಟೀಮಿನಲ್ಲಿ ನನ್ನ ಜಾಗ, ಅಷ್ಟೇ ತಾನೇ. ಆ ಜಾಗ ನನಗೆ ಬೇಕಾಗಿತ್ತು.

"ಮಸ್ಕಿ ಆಟಕ್ಕ ಹೊಸಾ ಅಂಗಿ ಕೊಡಸ್ರಿ ಸಾವ್ಕಾರ್ರ," ಅಂದೆ.

ಕೊಡಿಸಿದರು. ಮಸ್ಕಿಯಲ್ಲಿ ಆಡಿದೆವು, ಬೆನ್ನ ಮೇಲಿನ ಹೆಸರು ಮೊದಲಿಗಿಂತ ದೊಡ್ಡದಾಗಿತ್ತು. ಅಕ್ಕನ ಊರಿನ ಹೆಂಗಸರು ಆ ಬೇಸಿಗೆ ಪೂರ್ತಿ ಕಾಲುವೆಗೇ ನಡೆದರು.

ಮುಂದೆ ತವರಿಗೆ ಬಂದಾಗಲೆಲ್ಲ ಅಕ್ಕ ಮನೆ, ಮಕ್ಕಳು, ಎಮ್ಮೆ ಎಲ್ಲದರ ಮಾತಾಡಿದಳು. ನೀರಿನ ಮಾತು ಮಾತ್ರ ನನ್ನ ಮುಂದೆ ಎತ್ತಲಿಲ್ಲ. ಅವಳು ನಾಲ್ಕು ಮಾತು ಬೈದಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಬೈಯಲಿಲ್ಲ. ಸೇತುವೆಯ ಮೇಲೆ ನಾನು ಪೇಚಾಡುತ್ತಿದ್ದದ್ದು ನೋಡಲಾರದೆ, ನನ್ನ ಪರವಾಗಿ ಒಂದು ನೆಪ ಹುಡುಕಿ ಕೊಟ್ಟಳು. ಅದನ್ನು ನೆನೆದರೆ ಈಗಲೂ ಒಬ್ಬನೇ ಕೂತಾಗ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ. ಆ ಸಂಜೆ ಥಂಡಿ ಎಲ್ಲಿತ್ತು? ಲಾರಿಯಲ್ಲಿದ್ದ ನಾವೆಲ್ಲ ಬೆವರುತ್ತಿದ್ದೆವು.