ಪಾಠ ಬಿಟ್ಟ ಮೇಲಿನ ಭಾನುವಾರಗಳು

ನನ್ನ ಗಂಡ ತೀರಿಕೊಂಡ ವರ್ಷ ಮನೆಯಲ್ಲಿ ಕೂರಲಾಗದೆ, ಭಾನುವಾರ ಬೆಳಿಗ್ಗೆ ಕೆಂಪಾಪುರದಿಂದ ಯಲಹಂಕಕ್ಕೆ ಬಸ್ಸು ಹಿಡಿಯತೊಡಗಿದೆ. ಅಲ್ಲಿ ಹಿರಿಯರೊಬ್ಬರು ತಮ್ಮದೇ ಕಟ್ಟಡದ ಮಹಡಿಯಲ್ಲಿ ಉಪನಿಷತ್ತಿನ ಪಾಠ ಹೇಳುತ್ತಿದ್ದರು. ನಾವು ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ದೇವರು ಎದುರಿಗಿರುವವರ ದನಿಯಲ್ಲೇ ಮಾತಾಡುತ್ತಾನೆ, ಕೇಳಿಸಿಕೊಳ್ಳುವುದೇ ಪೂಜೆ ಎಂಬುದು ಅವರ ವಿಚಾರದ ತಿರುಳು. ಆ ವಿಚಾರ ಹಿಡಿದುಕೊಂಡೇ ನಾನು ಆ ವರ್ಷ ದಾಟಿದ್ದು. ಪಾಠಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಬರೆದಿಡುವ ಕೆಲಸವನ್ನೂ ವಹಿಸಿಕೊಂಡೆ.

ಬರೆದ ಹಾಳೆಗಳನ್ನು ತೋರಿಸಲು ಒಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ. ನನ್ನನ್ನು ಕೂರಿಸಿ, ಅಡುಗೆಯವಳನ್ನು ಕರೆದು, "ಯಾರೋ ಬಂದವ್ರೆ ಅನ್ನು ಅವ್ರಿಗೆ" ಎಂದರು. ಮೇಷ್ಟ್ರು ಪಕ್ಕದ ಕೋಣೆಯಲ್ಲೇ ಇದ್ದರು. ನನ್ನ ಮುಖದಲ್ಲಿ ಏನು ಕಂಡಿತೋ, ಆಕೆ ತಣ್ಣಗೆ ಹೇಳಿದರು.

"ಅವ್ರು ನನ್ ತಾವ ಮಾತಾಡಿ ಅನ್ನೊಂದ್ ವರ್ಸ ಆಯ್ತು ಕಣಮ್ಮ. ನಮ್ಮಣ್ಣನ ಮಗ್ಳು ಬ್ಯಾರೆ ಜಾತಿ ಉಡುಗುನ್ನ ಮದ್ವೆ ಆದ್ಲು. ನಾನು ಬಾಗಲೂರಿಗೋಗಿ ಅಕ್ಷತೆ ಆಕ್ಬಂದೆ. ಅವತ್ತಿಂದ ಇಂಗೇ."

ಮೇಷ್ಟ್ರು ಬಂದರು. ಹೆಂಡತಿಯನ್ನು ಕಂಬವೇನೋ ಎಂಬಂತೆ ಸುತ್ತಿ ದಾಟಿ ಬಂದು, ನನ್ನ ಆರೋಗ್ಯವನ್ನು ಅಕ್ಕರೆಯಿಂದ ವಿಚಾರಿಸಿದರು. ತಡೆಯಲಾಗದೆ ಕೇಳಿದೆ: "ಮೇಷ್ಟ್ರೇ, ಅಮ್ಮ ಹೇಳಿದ್ದು ನಿಜಾನಾ?"

"ಪಾಠದ ವಿಷಯ ಇದ್ರೆ ಮಾತಾಡಿ" ಎಂದು ಹಾಳೆಗಳಿಗೆ ಕೈ ಚಾಚಿದರು.

ಪಾಠದ ಗೆಳತಿಗೆ ಹೇಳಿಕೊಂಡೆ. "ಅದು ಅವರ ಮನೆ ವಿಷಯ ಕಣ್ರೀ. ನಿಮಗೆ ಬೇಕಾಗಿರೋದು ಅವರ ಜ್ಞಾನ ತಾನೇ?" ಎಂದಳು. ಮುಂದಿನ ವಾರ ನಾನು ಹೋಗಲಿಲ್ಲ. ಒಂದೆರಡು ಫೋನು ಬಂದವು, ಆಮೇಲೆ ಅವೂ ನಿಂತವು.

ನನ್ನ ಬಳಿ ಉಳಿದಿದ್ದ ಪಾಠದ ಪ್ರತಿಯನ್ನು ಹರಿಯಲು ಕೂತೆ. ಓದಿದರೆ ಒಂದು ಸಾಲೂ ಸುಳ್ಳೆನಿಸಲಿಲ್ಲ. ಅವರು ಪಾಲಿಸಲಿಲ್ಲವೆಂದು ಆ ವಿಚಾರ ಸುಳ್ಳಾಗುವುದಿಲ್ಲ. ಆದರೆ ಅದನ್ನು ಅವರ ಬಾಯಿಂದ ಕೇಳುವುದು ಇನ್ನು ನನ್ನಿಂದಾಗದು. ವಿಚಾರ ಬೇರೆ, ಮೇಷ್ಟ್ರು ಬೇರೆ ಎಂದು ಹೀಗೆ ಎರಡಾಗಿ ನಿಂತ ಮೇಲೆ, ಪಾಠಕ್ಕೆ ಹೋಗುವವರ ಜೊತೆಗೂ ಸೇರಲಾರೆ, ಅವರನ್ನು ಬೈದು ಪಾಠ ಬಿಟ್ಟವರ ಜೊತೆಗೂ ಸೇರಲಾರೆ.

ಹೋದ ತಿಂಗಳು ಯಲಹಂಕದ ಮಾರುಕಟ್ಟೆಯಲ್ಲಿ ಮೇಷ್ಟ್ರ ಹೆಂಡತಿ ಸಿಕ್ಕರು. ನನ್ನ ಕೈ ಹಿಡಿದುಕೊಂಡು, ಅಣ್ಣನ ಮೊಮ್ಮಗು ಹೆಜ್ಜೆ ಇಡುವುದನ್ನು ಬಹಳ ಹೊತ್ತು ಹೇಳಿದರು. ನಾನು ಆತುರಪಡದೆ ಕೇಳಿದೆ.

"ನೀನ್ಯಾಕಮ್ಮ ಈಗ ಬರಾಕಿಲ್ಲ?" ಎಂದರು ಕೊನೆಗೆ.

ಅವರ ಸೊಪ್ಪಿನ ಚೀಲ ಹಿಡಿದುಕೊಂಡು ರಸ್ತೆ ದಾಟಿಸಿ, ಒಬ್ಬಳೇ ಬಸ್ ಸ್ಟಾಪಿನ ಕಡೆ ನಡೆದೆ.