ಜಾಮೀನಿಗೆ ಕಂಬಳಿ

ಜಾಲಿ ಕೊಂಬೆಯೊಂದು ನನ್ನ ಕಾಲ ಬುಡಕ್ಕೇ ಬಿತ್ತು. ತಲೆಯೆತ್ತಿದರೆ, ಆದಿವಾಲದ ನಮ್ಮ ಹೊಲದ ಮರದಲ್ಲಿ ಕೊಡಲಿ ಹಿಡಿದ ಕುರಿಗಾರನೊಬ್ಬ ಕೂತಿದ್ದ. ಕೆಳಗೆ ಅವನ ಕುರಿಗಳು ಸೊಪ್ಪು ಮೇಯುತ್ತಿದ್ದವು. ಹೊಲದಲ್ಲಿ ನೆರಳೆಂದು ಇದ್ದದ್ದು ಅದೊಂದೇ ಮರ. ಅರ್ಧ ಬೋಳಾಗಿತ್ತು.

ನಾನು ವಕೀಲರ ಆಫೀಸಿನಲ್ಲಿ ಟೈಪಿಸ್ಟ್. ಇಂಥ ನೋಟಿಸುಗಳು ನನಗೆ ಬಾಯಿಪಾಠ. ಇನ್ನೊಬ್ಬರ ಜಮೀನಿನ ಮರ ಕಡಿದರೆ ಕೇಸಾಗುತ್ತೆ, ನಷ್ಟವನ್ನೂ ತುಂಬಿಕೊಡಬೇಕಾಗುತ್ತೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವನು ಪೂರ್ತಿ ಕೇಳಿಸಿಕೊಂಡು ನಿಧಾನವಾಗಿ ಇಳಿದ. "ಹಾಕ್ರಿ ಅಕ್ಕ, ತಪ್ಪು ನಂದೇ ಐತೆ. ಆದ್ರೆ ಆ ತುದೀದೊಂದು ಕೊಂಬೆ ಹೋದ್ ವರ್ಷ ಬ್ಯಾರೆ ಯಾರೋ ಕಡ್ದಿರೋದು. ಅದನ್ನ ನನ್ ಹೆಸ್ರಿಗೆ ಬರೀಬ್ಯಾಡ್ರಿ."

ನೋಡಿದೆ. ಆ ಗಾಯ ಹಳೆಯದೇ.

ನಷ್ಟಕ್ಕೆ ಬದಲಾಗಿ ಮೂರು ರಾತ್ರಿ ಕುರಿಮಂದೆಯನ್ನು ನಿಮ್ಮ ಹೊಲದಲ್ಲೇ ನಿಲ್ಲಿಸುತ್ತೇನೆ, ಹಿಕ್ಕೆ ಗೊಬ್ಬರವೆಲ್ಲ ನಿಮಗೇ ಎಂದ. ಸಂಜೆ ಬರುವ ತನಕ ಜಾಮೀನಿಗಿರಲಿ ಎಂದು, ಮರದ ಬುಡದಲ್ಲಿದ್ದ ತನ್ನ ಕಂಬಳಿಯನ್ನು ನನ್ನ ಕೈಗಿಟ್ಟು ಹೋದ. ಹೇಳಿದ ಹೊತ್ತಿಗೆ ಬಂದ. ಮೂರು ರಾತ್ರಿ ಎಂದವನು ನಾಲ್ಕು ರಾತ್ರಿ ಮಂದೆ ನಿಲ್ಲಿಸಿದ. ಯಾಕೆಂದು ಕೇಳಿದೆ.

"ಒಂದು ರಾತ್ರಿ ಹೋದ್ ವರ್ಷದವನ್ದು. ಅವ್ನೂ ಕುರಿಯವ್ನೇ ಇರ್ಬೇಕಲ್ಲಕ್ಕ."

ಕಂಬಳಿ ವಾಪಸ್ ಕೊಟ್ಟೆ. ಆ ವರ್ಷ ಶೇಂಗಾ ಚೆನ್ನಾಗಿ ಬಂತು. ಈಗ ಜಾಲಿ ಮತ್ತೆ ದಟ್ಟವಾಗಿ ಚಿಗುರಿದೆ. ಭಾನುವಾರ ಹೊಲಕ್ಕೆ ಹೋದಾಗಲೆಲ್ಲ ಅದರ ನೆರಳಲ್ಲಿ ಕೂತು ಆ ಕುರಿಗಾರನ ದಾರಿ ನೋಡುತ್ತೇನೆ. ಆರೋಪಿ ಇನ್ನೂ ಬಂದಿಲ್ಲ.